ಗಂಧದೆಣ್ಣೆಯೂ ಅಣುಸೂತ್ರವೂ

ಬೆಂಗಳೂರಿನ ರಾಜಾಜಿನಗರದ ಸಾಬೂನು ಕಾರ್ಖಾನೆಯ ಬಳಿ ಹಾದುಹೋಗುವವರಿಗೆ ಶ್ರೀಗಂಧದ ಪರಿಮಳ ಪರಿಚಿತವಾದುದು. ಮೈಸೂರು ಸಂಸ್ಥಾನದಲ್ಲಿ 1916ರಲ್ಲಿ ಗಂಧದೆಣ್ಣೆಯ ತಯಾರಿಕೆಯೂ 1918ರಲ್ಲಿ ಸಾಬೂನಿನ ತಯಾರಿಕೆಯೂ ಆರಂಭವಾದವು. ಸಾಬೂನಿನ ಕಾರ್ಖಾನೆಯು 1957ರಲ್ಲಿ ರಾಜಾಜಿನಗರಕ್ಕೆ ಬಂದಿತು.

ಗಂಧದೆಣ್ಣೆಯ ಬಹುಭಾಗ ಸ್ಯಾಂಟಲಾಲ್ ಎಂಬ ಸಂಯುಕ್ತ. ಅದರೊಡನೆ ಅಲ್ಪ ಪ್ರಮಾಣದಲ್ಲಿ ಸ್ಯಾಂಟಲೀನ್ ಎಂಬ ಹೈಡ್ರೊಕಾರ್ಬನ್ ಇರುತ್ತದೆ. ಕಣ್ಣಿಗೆ ಕಾಣದ ಸ್ಯಾಂಟಲೀನ್ ಅಣುವಿನಲ್ಲಿ ಎಷ್ಟು ಪರಮಾಣುಗಳಿವೆ ಎಂಬುದನ್ನು ತಿಳಿಯುವುದು ಹೇಗೆ?

100 ಗ್ರಾಂ ಸ್ಯಾಂಟಲೀನ್‌ನಲ್ಲಿ 88.24 ಗ್ರಾಂ ಇಂಗಾಲವೂ 11.76 ಗ್ರಾಂ ಜಲಜನಕವೂ ಇವೆ. ಇವುಗಳನ್ನು ಕ್ರಮವಾಗಿ ಅವುಗಳ ಪರಮಾಣುತೂಕಗಳಾದ 12 ಮತ್ತು 1ರಿಂದ ಭಾಗಿಸಿದರೆ 7.35 ಮತ್ತು 11.76 ದೊರೆಯುತ್ತವೆ. ಚಿಕ್ಕ ಸಂಖ್ಯೆಯಿಂದ ಎರಡನ್ನೂ ಭಾಗಿಸಿದಾಗ ಅನುಪಾತವು 1 : 1.6 ಆಗುತ್ತದೆ. ಇಲ್ಲಿ 1.6 ಅನ್ನು 2 ಎಂದು ಎಣಿಸುವುದು ತಪ್ಪು. ಎರಡನ್ನೂ 5ರಿಂದ ಗುಣಿಸಿದರೆ 5 : 8 ಎಂಬ ಪೂರ್ಣಾಂಕಗಳು ಬರುತ್ತವೆ. ಇಂಗಾಲಕ್ಕೆ ‘ಸಿ’, ಜಲಜನಕಕ್ಕೆ ‘ಎಚ್’ ಎಂಬ ಸಂಕೇತ ಬಳಸಿದರೆ ಪ್ರಾಯೋಗಿಕ ಸೂತ್ರವು ಸಿ₅ಎಚ್₈.

ಆದರೆ ಇಷ್ಟರಿಂದಲೇ ಅಣುವಿನ ಪರಿಚಯವಾಗದು. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್, ರಬ್ಬರನ್ನು ಕಾಯಿಸಿದಾಗ ದೊರೆಯುವ ಐಸೊಪ್ರೀನ್ ಇವುಗಳಲ್ಲಿಯೂ ಧಾತುಗಳ ಪ್ರಮಾಣ ಇದೇ ಆಗಿದೆ. ಇವುಗಳನ್ನು ಬೇರ್ಪಡಿಸಿ ತೋರಿಸುವುದು ಅಣುತೂಕ. ಸುಲಭವಾಗಿ ಆವಿಯಾಗುವ ವಸ್ತುಗಳಲ್ಲಿ, ಜಲಜನಕಕ್ಕೆ ಹೋಲಿಸಿ ಅಳೆದ ಆವಿಸಾಂದ್ರತೆಯನ್ನು ಇಮ್ಮಡಿಸಿದರೆ ಅಣುತೂಕ ತಿಳಿಯುತ್ತದೆ.

ಸಿ₅ಎಚ್₈ ಸೂತ್ರದ ತೂಕ (5 × 12) + (8 × 1) = 68. ಐಸೊಪ್ರೀನ್‌ನ ಅಣುತೂಕ 68, ಲಿಮೊನೀನ್‌ನದು 136, ಸ್ಯಾಂಟಲೀನ್‌ನದು 204. ಇವನ್ನು 68ರಿಂದ ಭಾಗಿಸಿದರೆ ಕ್ರಮವಾಗಿ 1, 2, 3 ಬರುತ್ತವೆ. ಪ್ರಾಯೋಗಿಕ ಸೂತ್ರವನ್ನು ಈ ಸಂಖ್ಯೆಗಳಿಂದ ಗುಣಿಸಿದಾಗ ದೊರೆಯುವ ಅಣುಸೂತ್ರಗಳು ಸಿ₅ಎಚ್₈, ಸಿ₁₀ಎಚ್₁₆, ಸಿ₁₅ಎಚ್₂₄.

ಸ್ಯಾಂಟಲಾಲ್ ಅಣುವಿನಲ್ಲಿ ಇವುಗಳ ಜೊತೆಗೆ ಆಮ್ಲಜನಕದ ಒಂದು ಪರಮಾಣುವೂ ಇದೆ; ಅದರ ಸಂಕೇತ ‘ಒ’. ಸಿ₁₅ಎಚ್₂₄ಒ ಎಂಬುದನ್ನು ಇನ್ನೂ ಸರಳಗೊಳಿಸಲಾಗದು. ಆದುದರಿಂದ ಅದರ ಎರಡು ಸೂತ್ರಗಳೂ ಒಂದೇ.

ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಯ ಸ್ಯಾಂಟಲಾಲ್‌ಗಳಿಗೆ ಅಣುಸೂತ್ರವೂ ಒಂದೇ. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಪ್ರಾಯೋಗಿಕ ಸೂತ್ರವು ಅನುಪಾತವನ್ನು ತಿಳಿಸುತ್ತದೆ, ಅಣುಸೂತ್ರವು ಸಂಖ್ಯೆಯನ್ನು ತಿಳಿಸುತ್ತದೆ. ಜೋಡಣೆಯನ್ನು ತಿಳಿಯಲು ರಚನಾಸೂತ್ರ ಬೇಕು. ಒಂದು ಮೆಟ್ಟಿಲನ್ನು ಏರದೆ ಮುಂದಿನದನ್ನು ತಲುಪುವಂತಿಲ್ಲ.