‘ಎಲ್ಲಾ ನೆಟ್‌ನಲ್ಲೇ ಸಿಗುತ್ತಲ್ಲ?’: ವಿಶ್ವವಿದ್ಯಾಲಯ ಗ್ರಂಥಾಲಯ ಕುರಿತ ತಪ್ಪು ಕಲ್ಪನೆಗಳು

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಇನ್ನೂ ಯಾಕೆ ದುಡ್ಡು ಸುರಿಯಬೇಕು ಎಂದು ಕೇಳುವವರ ಬಾಯಲ್ಲಿ ಬರುವ ಮಾತು ಒಂದೇ: ಎಲ್ಲಾ ನೆಟ್‌ನಲ್ಲೇ ಸಿಗುತ್ತಲ್ಲ. ಹೀಗೆ ನಂಬಲು ಕಾರಣವೂ ಇದೆ. ಕ್ಯಾಂಪಸ್ಸಿನ ವೈಫೈನಲ್ಲಿ ಕೂತ ಸಂಶೋಧನಾ ವಿದ್ಯಾರ್ಥಿ ಗೂಗಲ್ ಸ್ಕಾಲರ್‌ನಲ್ಲಿ ಲೇಖನವೊಂದನ್ನು ಹುಡುಕಿ ಕ್ಲಿಕ್ ಮಾಡಿದರೆ ಪಿಡಿಎಫ್ ಥಟ್ಟನೆ ತೆರೆದುಕೊಳ್ಳುತ್ತದೆ. ಹಣವನ್ನಾಗಲಿ ಪಾಸ್‌ವರ್ಡನ್ನಾಗಲಿ ಯಾರೂ ಕೇಳುವುದಿಲ್ಲ. ಅದೇ ಲಿಂಕನ್ನು ರಾತ್ರಿ ಪಿಜಿಯ ಕೋಣೆಯಿಂದ ಮೊಬೈಲ್ ಡೇಟಾದಲ್ಲಿ ತೆರೆದರೆ ಸಾರಾಂಶವಷ್ಟೇ ಕಾಣುತ್ತದೆ. ಪೂರ್ತಿ ಲೇಖನ ಬೇಕಾದರೆ ಮೂವತ್ತೋ ನಲವತ್ತೋ ಡಾಲರ್ ಕೊಡಿ ಎಂಬ ಸಾಲು ಪಕ್ಕದಲ್ಲೇ ಇರುತ್ತದೆ. ಹಗಲು ಬಾಗಿಲು ತೆರೆದದ್ದು ಹೇಗೆ? ಕ್ಯಾಂಪಸ್ ಜಾಲದ ಐಪಿ ವಿಳಾಸಗಳು ಪ್ರಕಾಶಕರ ಬಳಿ ಮೊದಲೇ ನೋಂದಣಿಯಾಗಿರುತ್ತವೆ, ಆ ವಿಳಾಸದಿಂದ ಬಂದವರನ್ನು ಚಂದಾದಾರರೆಂದು ಅವರ ಸರ್ವರ್ ಗುರುತಿಸುತ್ತದೆ. ವಿದ್ಯಾರ್ಥಿಗೆ ‘ಪುಕ್ಕಟೆ’ ಸಿಕ್ಕಿದ್ದಕ್ಕೆ ಗ್ರಂಥಾಲಯದ ಮೂಲಕ ಚಂದಾ ಸಂದಾಯವಾಗಿದೆ. ಈ ಸೇವೆ ಸಲೀಸಾಗಿ ನಡೆದಷ್ಟೂ ಗ್ರಂಥಾಲಯ ಕಣ್ಣಿಗೆ ಬೀಳುವುದಿಲ್ಲ. ಅದರ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಹುಟ್ಟಿರುವುದು ಇಲ್ಲಿಯೇ.

ಈಗ ಚಂದಾ ಕಟ್ಟುವುದು ಕೇಂದ್ರ ಸರ್ಕಾರ ತಾನೆ, ಮತ್ತೆ ಸ್ಥಳೀಯ ಗ್ರಂಥಾಲಯ ಯಾಕೆ ಎಂಬ ಆಕ್ಷೇಪಣೆ ಬರಬಹುದು. ಹೌದು, 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ದೊಡ್ಡ ಹೆಜ್ಜೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು, 6,300ರಷ್ಟು ಸಂಸ್ಥೆಗಳು. ಆದರೆ ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಖಾಸಗಿ ಕಾಲೇಜಿನ ವಿದ್ಯಾರ್ಥಿಗೆ ಅದು ದಕ್ಕುವುದಿಲ್ಲ. ಸರ್ಕಾರಿ ಸಂಸ್ಥೆಯಲ್ಲಿ ಓದುವವರೂ ಮನೆಯಿಂದ ಈ ಲೇಖನಗಳನ್ನು ತೆರೆಯಬೇಕಾದರೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ‘ಇನ್‌ಫೆಡ್’ ವ್ಯವಸ್ಥೆಯಲ್ಲಿ ಖಾತೆ ಇರಬೇಕು. ಆ ಖಾತೆಯನ್ನು ಸಕ್ರಿಯಗೊಳಿಸುವುದು, ಕೋರ್ಸು ಮುಗಿಸಿ ಹೋದವರ ಹೆಸರು ತೆಗೆಯುವುದು, ಲಾಗಿನ್ ಆಗದೆ ಪರದಾಡುವವರಿಗೆ ದಾರಿ ತೋರಿಸುವುದು ಎಲ್ಲವೂ ಆಯಾ ಸಂಸ್ಥೆಯ ಕೆಲಸ, ಸಾಮಾನ್ಯವಾಗಿ ಗ್ರಂಥಪಾಲಕರ ಕೆಲಸ. ದೆಹಲಿ ಹಣ ಕಟ್ಟಬಹುದು. ಆ ಹಣ ಕಲಬುರಗಿಯ ಹಾಸ್ಟೆಲ್ ಕೋಣೆಯ ಓದಾಗಿ ಬದಲಾಗಬೇಕಾದರೆ ಮಧ್ಯದಲ್ಲಿ ಒಬ್ಬರು ದುಡಿಯಲೇಬೇಕು.

ಇಂಗ್ಲಿಷಿನ ವಿಜ್ಞಾನ ಲೇಖನಗಳನ್ನು ಬಿಟ್ಟು ಕನ್ನಡದ ಓದಿಗೆ ಬಂದರೆ ‘ಎಲ್ಲಾ ನೆಟ್‌ನಲ್ಲಿದೆ’ ಎಂಬ ಮಾತು ಇನ್ನೂ ದುರ್ಬಲ. ಹಳೆಯ ಪತ್ರಿಕೆಗಳ ಸಂಪುಟಗಳು, ಮರುಮುದ್ರಣ ಕಾಣದ ಸಂಶೋಧನ ಗ್ರಂಥಗಳು, ಸ್ಮರಣ ಸಂಚಿಕೆಗಳು ಅಲ್ಲೊಂದು ಇಲ್ಲೊಂದು ಸ್ಕ್ಯಾನ್ ಆಗಿದ್ದರೂ ಸಾಲಾಗಿ ಸಿಗುವುದು ಕಷ್ಟ. ಸಿಕ್ಕರೂ ಹುಡುಕುವ ಬಗೆ ಗೊತ್ತಿರಬೇಕು. ನಾಟಕಕಾರ ಶ್ರೀರಂಗರನ್ನೇ ತೆಗೆದುಕೊಳ್ಳಿ. ಕನ್ನಡ ನಾಟಕಗಳ ಮೇಲೆ ಅವರ ಹೆಸರು ಶ್ರೀರಂಗ. ನಾಟ್ಯಶಾಸ್ತ್ರದ ಇಂಗ್ಲಿಷ್ ಅನುವಾದದ ಮೇಲೆ ಆದ್ಯ ರಂಗಾಚಾರ್ಯ. ಸಂಸ್ಕೃತ ನಾಟಕ ಕುರಿತು ಇಂಗ್ಲಿಷಿನಲ್ಲಿ ಬರೆದ ಇನ್ನೊಂದು ಪುಸ್ತಕದ ಮೇಲೆ ಆರ್.ವಿ. ಜಾಗೀರದಾರ. ಇದರ ಜೊತೆಗೆ ಬಹಳಷ್ಟು ಕ್ಯಾಟಲಾಗ್‌ಗಳಲ್ಲಿ ಕನ್ನಡ ಪುಸ್ತಕಗಳ ವಿವರವೂ ರೋಮನ್ ಲಿಪಿಯಲ್ಲೇ ಇದೆ, ಕಾಗುಣಿತ ಒಬ್ಬೊಬ್ಬರದು ಒಂದೊಂದು ಥರ. ಸರ್ಚ್ ಬಾಕ್ಸಿನಲ್ಲಿ ಒಂದು ಹೆಸರು ಹಾಕಿ ಸಿಕ್ಕಷ್ಟಕ್ಕೆ ತೃಪ್ತರಾದವರಿಗೆ ಉಳಿದೆರಡು ಹೆಸರಿನ ಪುಸ್ತಕಗಳು ತಪ್ಪಿಹೋದದ್ದು ತಿಳಿಯುವುದೂ ಇಲ್ಲ. ಈ ಮೂರೂ ಹೆಸರು ಒಬ್ಬರದೇ ಎಂದು ಗುರುತಿಸಿ, ಯಾವುದರಲ್ಲಿ ಹುಡುಕಿದರೂ ಎಲ್ಲ ಪುಸ್ತಕ ಕಾಣುವಂತೆ ಜೋಡಿಸುವುದು ಕ್ಯಾಟಲಾಗರ್ ಮಾಡುವ ಕೆಲಸ. ಇದನ್ನು ಮಾಡಿದ ಗ್ರಂಥಾಲಯಕ್ಕೂ ಮಾಡದ ಗ್ರಂಥಾಲಯಕ್ಕೂ ಇರುವ ಅಂತರ ಕಪಾಟಿನಲ್ಲಿ ಕಾಣಿಸದು, ಬರೆದ ಮಹಾಪ್ರಬಂಧದಲ್ಲಿ ಕಾಣಿಸುತ್ತದೆ. ದೇಶದ ಪಿಎಚ್.ಡಿ. ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಟ್ಟಿರುವ ‘ಶೋಧಗಂಗಾ’ದಲ್ಲೂ ಇದೇ ಕಥೆ. ಅಲ್ಲಿನ ಹಲವು ಹಳೆಯ ಕನ್ನಡ ಪ್ರಬಂಧಗಳು ಪುಟಗಳ ಚಿತ್ರಗಳಷ್ಟೇ ಆಗಿರುವುದರಿಂದ ಒಳಗಿನ ಪದಗಳನ್ನು ಯಂತ್ರ ಹುಡುಕಲಾರದು. ಸೇರಿಸುವಾಗ ಯಾರೋ ಸರಿಯಾಗಿ ತುಂಬಿದ ಶೀರ್ಷಿಕೆ, ವಿಷಯಸೂಚಕ ಪದಗಳೇ ಓದುಗರಿಗೆ ದಾರಿ.

ಗ್ರಂಥಪಾಲಕರೆಂದರೆ ಪುಸ್ತಕಕ್ಕೆ ಠಸ್ಸೆ ಹಾಕಿ ಕೊಡುವವರು ಎಂಬ ನಂಬಿಕೆಗೂ ಇಷ್ಟೇ ಬುಡ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಓದುಗರ ಸಮಯ ಉಳಿಸುವುದೂ ಒಂದು. ಪುಸ್ತಕ ಕಾಯುವುದೇ ಈ ವೃತ್ತಿಯ ಗುರಿ ಎಂದು ಅವರು ಎಲ್ಲೂ ಭಾವಿಸಲಿಲ್ಲ. ಇವತ್ತು ಅದೇ ಕೌಂಟರಿನ ಹಿಂದೆ ನಡೆಯುವ ಕೆಲಸಗಳಲ್ಲಿ ಕೃತಿಚೌರ್ಯ ತಪಾಸಣೆಯೂ ಸೇರಿದೆ. ಇದರ ಸುತ್ತಲೂ ಒಂದು ತಪ್ಪು ಕಲ್ಪನೆ ಬೆಳೆದಿದೆ: ತಂತ್ರಾಂಶ ಕೊಡುವ ಶೇಕಡಾವಾರು ಅಂಕಿಯೇ ತೀರ್ಪು, ಹತ್ತಕ್ಕಿಂತ ಕಡಿಮೆ ಬಂದರೆ ಪಾಸು. ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ ಎಂಬುದು ನಿಜ. ಆದರೆ ತಂತ್ರಾಂಶ ತೋರಿಸುವುದು ಪದಗಳ ಹೋಲಿಕೆಯನ್ನು ಮಾತ್ರ. ಮೂಲ ಹೇಳಿ ಉದ್ಧರಿಸಿದ ಭಾಗ, ಗ್ರಂಥಸೂಚಿ, ಪರಿವಿಡಿ ಇವನ್ನು ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮ ಹೇಳುತ್ತದೆ; ಬಿಡದೆ ಓಡಿಸಿದರೆ ಪ್ರಾಮಾಣಿಕರ ಅಂಕಿಯೂ ಏರುತ್ತದೆ. ಅತ್ತ, ತನ್ನ ಬಳಿ ಇಲ್ಲದ ಪಠ್ಯದೊಂದಿಗೆ ತಂತ್ರಾಂಶ ಹೋಲಿಸಿ ನೋಡಲಾರದು. ಎಂದೂ ಡಿಜಿಟಲ್ ಆಗದ ಕನ್ನಡ ಪುಸ್ತಕದಿಂದ ಅಧ್ಯಾಯಗಟ್ಟಲೆ ಇಳಿಸಿದರೂ ವರದಿಯಲ್ಲಿ ಸೊನ್ನೆ ಬರಬಹುದು. ಅದನ್ನು ಹಿಡಿಯಬಲ್ಲವರು ಆ ಪುಸ್ತಕ ಓದಿದ ಮಾರ್ಗದರ್ಶಕರು, ಆ ಕಪಾಟನ್ನು ಬಲ್ಲ ಗ್ರಂಥಪಾಲಕರು. ಚಾಟ್‌ಬಾಟ್‌ಗಳು ಇಲ್ಲದ ಲೇಖನಗಳಿಗೂ ಲೇಖಕ, ಸಂಪುಟ, ಪುಟಸಂಖ್ಯೆ ಸಮೇತ ಆಕರ ಹುಟ್ಟಿಸಿಕೊಡುವ ಈ ಕಾಲದಲ್ಲಿ ‘ಇಂಥದ್ದೊಂದು ಲೇಖನ ಇದೆಯೇ?’ ಎಂದು ಖಚಿತಪಡಿಸಿ ಹೇಳುವವರ ಅಗತ್ಯ ಹೆಚ್ಚಿದೆ.

ನಮ್ಮ ಗ್ರಂಥಾಲಯದಲ್ಲಿ ಇಲ್ಲ ಎಂದರೆ ಸಿಗುವುದೇ ಇಲ್ಲ ಎಂದು ವಾಪಸಾಗುವವರೂ ಇದ್ದಾರೆ. ಡೆಲ್‌ನೆಟ್‌ನಂಥ ಜಾಲದ ಸದಸ್ಯತ್ವ ಇರುವ ಗ್ರಂಥಾಲಯ ಬೇರೊಂದು ಗ್ರಂಥಾಲಯದಿಂದ ಪುಸ್ತಕವನ್ನು ಎರವಲು ತರಿಸಬಲ್ಲದು, ಕೇಳಬೇಕು, ಅಷ್ಟೆ. ದೃಷ್ಟಿದೋಷ ಇರುವವರಿಗಾಗಿ ಪುಸ್ತಕವನ್ನು ಕೇಳಿ ಓದುವ ರೂಪಕ್ಕೆ ಪರಿವರ್ತಿಸಲು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯೇ ಅವಕಾಶ ಕೊಟ್ಟಿದೆ. ‘ಕಾಪಿರೈಟ್ ಸಮಸ್ಯೆ ಆಗುತ್ತೆ’ ಎಂದು ಅವರನ್ನು ಹಿಂದೆ ಕಳಿಸುವುದು ಕಾನೂನು ತಿಳಿಯದೆ ಮಾಡುವ ಅನ್ಯಾಯ.

ಗಟ್ಟಿಯಾದ ಆಕ್ಷೇಪಣೆ ಇನ್ನೊಂದಿದೆ. ವಾಚನಾಲಯದಲ್ಲಿ ಕೂತವರಲ್ಲಿ ಹೆಚ್ಚಿನವರು ಕೆಎಎಸ್, ಪಿಎಸ್ಐ ಪರೀಕ್ಷೆಗೆ ತಾವೇ ತಂದ ಗೈಡುಗಳನ್ನು ಓದುತ್ತಿರುತ್ತಾರೆ. ಹಾಗಾದರೆ ಬೇಕಿರುವುದು ಫ್ಯಾನು, ಕುರ್ಚಿಗಳಿರುವ ಒಂದು ಹಾಲ್ ತಾನೆ? ಒಂದೇ ಕೋಣೆಯ ಮನೆಯಿಂದ ಬಂದ, ಮನೆತನದಲ್ಲೇ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ಹುಡುಗಿಗೆ ರಾತ್ರಿ ಎಂಟರವರೆಗೆ ನಿಶ್ಶಬ್ದವಾಗಿ ಕೂರಲು ಜಾಗ ಕೊಡುವುದನ್ನು ನಾನು ಸಣ್ಣ ಸೇವೆ ಎಂದು ಒಪ್ಪಲಾರೆ. ಆದರೆ ಉಳಿದ ಸೇವೆಗಳನ್ನು ಬಳಸುವವರು ಕಡಿಮೆ ಎಂಬುದರಲ್ಲಿ ಸತ್ಯವಿದೆ, ಅದರ ಹೊಣೆ ವಿದ್ಯಾರ್ಥಿಗಳ ಮೇಲಷ್ಟೇ ಹೊರಿಸುವಂಥದ್ದಲ್ಲ. ಗ್ರಂಥಪಾಲಕರ ಹುದ್ದೆ ಖಾಲಿ ಬಿಟ್ಟು ಪ್ರಭಾರದಲ್ಲಿ ನಡೆಸುವ ಕಡೆ, ಪ್ರವೇಶದ ವಾರ ಕಟ್ಟಡ ಸುತ್ತಿಸಿ ಲಾಗಿನ್ ಬಗ್ಗೆ ಹೇಳದೇ ಬಿಡುವ ಕಡೆ, ಸೇವೆ ಇದ್ದೂ ಇಲ್ಲದಂತೆ. ಮೊದಲ ಸೆಮಿಸ್ಟರಿನಲ್ಲೇ ಎರಡು ಗಂಟೆಯ ತರಗತಿಯೊಂದನ್ನು ಗ್ರಂಥಪಾಲಕರಿಗೆ ಬಿಟ್ಟುಕೊಟ್ಟು, ವಿದ್ಯಾರ್ಥಿಗಳು ತಮ್ಮ ಮೊಬೈಲಿನಲ್ಲೇ ಇನ್‌ಫೆಡ್ ಖಾತೆ ತೆರೆದು, ಒಂದು ಲೇಖನ ಇಳಿಸಿಕೊಂಡು, ಶೋಧಗಂಗಾದಲ್ಲಿ ಒಂದು ಪ್ರಬಂಧ ಹುಡುಕುವವರೆಗೂ ಜೊತೆಗೆ ನಿಲ್ಲುವಂತೆ ಮಾಡಲು ಹೊಸ ಕಟ್ಟಡವಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ. ಆ ಹುದ್ದೆಯಲ್ಲಿ ಒಬ್ಬರು ಇರಬೇಕು.