ಊರಿನ ದಫ್ತರ ಕಾಯ್ದವರು

ಬಸವಣ್ಣನವರ ಊರು ಬಾಗೇವಾಡಿ, ತಂದೆ ಮಾದಿರಾಜ. ಪುರಾಣಗಳು ಹೇಳುವ ಈ ಮಾತಿಗೆ ಕಲ್ಲಿನ ಸಾಕ್ಷಿ ದೊರೆತದ್ದು ಬಾಗೇವಾಡಿಯಲ್ಲಲ್ಲ, ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ. ಸೇವುಣ ದೊರೆ ಕನ್ನರನ ಕಾಲದ, 1260ರ ಆ ಶಾಸನ ತರ್ದವಾಡಿ ನಾಡಿನ ಬಾಗೇವಾಡಿಯನ್ನು ಹೆಸರಿಸುತ್ತದೆ. ಅಲ್ಲಿನ ಮಾದಿರಾಜನ ಮಗ ಬಸವರಾಜನೆನ್ನುತ್ತದೆ. ಬಸವಣ್ಣನವರ ಅಣ್ಣ ದೇವರಾಜನ ವಂಶದ ಹಾಲಬಸವಿದೇವನಿಗೆ ಕೊಟ್ಟ ದಾನದ ದಾಖಲೆ ಅದು. ಬಸವಣ್ಣನವರ ಕಾಲವಾಗಿ ನೂರು ವರ್ಷ ತುಂಬುವ ಮೊದಲೇ ಕೆತ್ತಿದ ಕಲ್ಲು.

ಅದಕ್ಕೂ ಮೊದಲು ಚರ್ಚೆಯಲ್ಲಿದ್ದುದು ಬಾಗೇವಾಡಿಯ ಮಗ್ಗುಲಲ್ಲೇ ಇರುವ ಮನಗೂಳಿಯ ಶಾಸನಗಳು. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಅವುಗಳನ್ನು ಓದಿ 'ಎಪಿಗ್ರಾಫಿಯಾ ಇಂಡಿಕಾ'ದ 5ನೆಯ ಸಂಪುಟದಲ್ಲಿ ಅಚ್ಚುಮಾಡಿಸಿದರು. ಅಲ್ಲೊಬ್ಬ ಬಸವ ಇದ್ದಾನೆ, ಚಂದಿರಾಜನ ಮಗ. ಅವನೇ ಬಸವಣ್ಣನಿರಬೇಕೆಂದು ಫ್ಲೀಟ್ ಭಾವಿಸಿದ್ದರು. ಅರ್ಜುನವಾಡದ ಕಲ್ಲು ಬೆಳಕಿಗೆ ಬಂದ ಮೇಲೆ ಆ ಊಹೆ ಹಿಂದೆ ಸರಿಯಿತು. ನಮ್ಮ ಊರಿನ ಇತಿಹಾಸ ನಮ್ಮ ಊರಿನ ಹೊಲಗಳಾಚೆಗೂ ಬಿದ್ದಿರುತ್ತದೆ. ಯಾರೋ ಒಬ್ಬರು ಕಲ್ಲಿನ ಪಡಿಯಚ್ಚು ತೆಗೆದು, ಓದಿ, ಇನ್ನೊಂದು ಕಲ್ಲಿನ ಪಕ್ಕದಲ್ಲಿಟ್ಟು ನೋಡಬೇಕು, ಅಚ್ಚುಹಾಕಿಸಬೇಕು, ಹತ್ತು ಜನರ ಕೈಗೆ ಮುಟ್ಟಿಸಬೇಕು. ಆ ಕೆಲಸಕ್ಕೊಂದು ಕೂಟ ಬೇಕು. ವಿಜಯಪುರ ಜಿಲ್ಲೆಯಲ್ಲಿ ಅಂಥ ಕೂಟಗಳು ಹೇಗೆ ಹುಟ್ಟಿದವು ಎಂಬುದು ಹೇಳಲೇಬೇಕಾದ ಕಥೆ.

ಕೂಟಗಳಿಗಿಂತ ಮುಂಚೆ ಕಾಯುವವರು ಇರಲಿಲ್ಲವೆಂದಲ್ಲ. ಎತ್ತಿನ ಮೇಲೆ ಕುಳಿತು ಮನೆ ಮುಂದೆ ಬಂದು ನಿಲ್ಲುವ ಹೆಳವರು ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಮುತ್ತಜ್ಜ ಯಾವ ಊರಿಂದ ಬಂದ, ಮನೆ ಎಲ್ಲಿ ಒಡೆಯಿತು ಎಂದು ಅವರು ಹೇಳುವಾಗ ಮನೆಯ ಹಿರಿಯರೂ ಸುಮ್ಮನೆ ಕೂತು ಕೇಳುತ್ತಾರೆ. ಮಠಗಳಲ್ಲಿ ತಾಡೋಲೆಯ ಕಟ್ಟುಗಳಿದ್ದವು. ಕುಲಕರ್ಣಿಗಳ ಮನೆಯ ಮಾಡಿನಲ್ಲಿ, ದೇಸಾಯರ ವಾಡೆಗಳಲ್ಲಿ ಮೋಡಿ ಲಿಪಿಯ ದಫ್ತರಗಳಿದ್ದವು. ಇನ್ನೂ ಹಿಂದೆ ಹೋದರೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನದ ಕಂಬ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು 945ರಲ್ಲಿ ಅಲ್ಲಿ ಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ಬರುವ ವಿದ್ಯಾರ್ಥಿಗಳಿಗೆ ವಸತಿ, ದೀಪದೆಣ್ಣೆಗೆ ಪ್ರತ್ಯೇಕ ಹೊಲ. ಊರಿನ ಬ್ರಾಹ್ಮಣರು ಮನೆಯಲ್ಲಿ ಮದುವೆಯಾದರೆ ಐದು ಪುಷ್ಪ (ಆಗಿನ ನಾಣ್ಯ), ಮುಂಜಿಯಾದರೆ ಅದರ ಅರ್ಧ ಶಾಲೆಗೆ ಕೊಡಬೇಕು. ದೊರೆಯ ಮಂತ್ರಿ ಕಟ್ಟಿಸಿದ, ಊರವರು ವಂತಿಗೆ ಹಾಕಿ ನಡೆಸಿದರು. ಮುಂದೆ ನಮ್ಮ ಭಾಗದ ಸಂಘ ಸಂಸ್ಥೆಗಳೆಲ್ಲ ನಡೆದದ್ದು ಈ ವಂತಿಗೆಯ ಬಲದ ಮೇಲೆಯೇ.

ಇಂಗ್ಲಿಷರ ಕಾಲದಲ್ಲಿ ಸರಕಾರ ವಿಜಾಪುರದ (ಈಗಿನ ವಿಜಯಪುರದ) ಕಡೆ ನೋಡಿದ್ದು ಮುಖ್ಯವಾಗಿ ಕಟ್ಟಡಗಳ ಕಣ್ಣಿನಿಂದ. 1884ರಲ್ಲಿ ಜಿಲ್ಲೆಯ ಗೆಜೆಟಿಯರ್ ಬಂತು. 1892ರಲ್ಲಿ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ಹೆನ್ರಿ ಕಸಿನ್ಸ್ 1916ರಲ್ಲಿ ವಿಜಾಪುರದ ವಾಸ್ತುಶಿಲ್ಪದ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ಬೆಲೆಯುಳ್ಳ ಕೆಲಸಗಳೇ. ಆದರೆ ಜಗಲಿಯ ಮೇಲೆ ದೇವರ ಜೊತೆ ಪೂಜೆಗೊಳ್ಳುತ್ತಿದ್ದ ಓಲೆಗರಿಗಳ ಕಡೆ ಆ ಕಣ್ಣು ಹರಿಯಲಿಲ್ಲ. ಅದಕ್ಕೆ ಇಲ್ಲಿಯ ಮಂದಿಯೇ ಬೇಕಾಯಿತು.

ಹಾಗೆ ಮುಂದೆ ಬಂದವರಲ್ಲಿ ಇಬ್ಬರು 1880ರ ಜುಲೈ ತಿಂಗಳಲ್ಲೇ ಹುಟ್ಟಿದವರು. 2ರಂದು ಧಾರವಾಡದಲ್ಲಿ ಫ. ಗು. ಹಳಕಟ್ಟಿ, 12ರಂದು ವಿಜಾಪುರದಲ್ಲಿ ಆಲೂರು ವೆಂಕಟರಾಯರು. ಇಬ್ಬರೂ ವಕೀಲಿ ಓದಿದರು. ಧಾರವಾಡದವರು ವಿಜಾಪುರಕ್ಕೆ ಬಂದು ನೆಲೆಸಿದರು, ವಿಜಾಪುರದವರು ಧಾರವಾಡಕ್ಕೆ ಹೋಗಿ ನೆಲೆಸಿದರು. ಇಬ್ಬರೂ ತೀರಿಕೊಂಡದ್ದು 1964ರಲ್ಲಿ. ಕನ್ನಡನಾಡಿನ ಇತಿಹಾಸದ ಅರಿವನ್ನು ಜನರ ಮನೆ ಬಾಗಿಲಿಗೆ ತಂದವರ ಹೆಸರು ಹೇಳುವಾಗ ಈ ಜೋಡಿಯನ್ನು ಬಿಟ್ಟು ಮುಂದೆ ಹೋಗಲಾಗದು.

ಆಲೂರರು 1914ರಲ್ಲಿ ಗೆಳೆಯರೊಡನೆ ಧಾರವಾಡದಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಕಟ್ಟಿದರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘ ನೆಲ ಹದ ಮಾಡಿತ್ತು. 1917ರಲ್ಲಿ ಅವರ 'ಕರ್ನಾಟಕ ಗತವೈಭವ' ಹೊರಬಂತು. ಮರಾಠಿಯ ನೆರಳಲ್ಲಿದ್ದ ಮುಂಬಯಿ ಕರ್ನಾಟಕದ ಓದುಗನಿಗೆ ತನ್ನ ಚಾಲುಕ್ಯರು, ರಾಷ್ಟ್ರಕೂಟರು ಯಾರೆಂದು ಆ ಪುಸ್ತಕ ಹೇಳಿತು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, ಆರ್. ಎಸ್. ಪಂಚಮುಖಿಯವರು ಅದರ ನಿರ್ದೇಶಕರಾದರು.

ಹಳಕಟ್ಟಿಯವರ ದಾರಿ ಬೇರೆ. ಅದನ್ನು ಸ್ವಲ್ಪ ನಿಂತು ನೋಡಬೇಕು. ಅವರಿಗೆ ಬೆನ್ನಿಗೆ ವಿಶ್ವವಿದ್ಯಾಲಯವಿರಲಿಲ್ಲ, ಸರಕಾರದ ಇಲಾಖೆಯಿರಲಿಲ್ಲ. 1904ರಲ್ಲಿ ವಕೀಲಿ ಆರಂಭಿಸಿದವರು. ರಬಕವಿಯ ಒಂದು ಮನೆಯಲ್ಲಿ ವಚನಗಳ ಓಲೆಗರಿ ಕಂಡದ್ದೇ ನೆಪವಾಯಿತು. ಅಲ್ಲಿಂದ ಮಠ ಮಠ, ಮನೆ ಮನೆ ತಿರುಗುವುದು ಶುರು. ಕೋರ್ಟಿನ ಕೆಲಸಕ್ಕೆ ಹೋದ ಊರಿನಲ್ಲಿ ಓಲೆಗಳ ವಿಚಾರಣೆ. ಪೂಜೆಯ ಗಂಟನ್ನು ಬಿಚ್ಚಲು ಒಪ್ಪದವರ ಮನ ಒಲಿಸಬೇಕು. ಒಂದೊಂದು ಪ್ರತಿಯನ್ನೂ ಕೈಯಿಂದ ನಕಲು ಮಾಡಬೇಕು. ಪಾಠ ಹೋಲಿಸಿ ನೋಡಬೇಕು. ವಚನಕಾರರೆಂದರೆ ಬೆರಳೆಣಿಕೆಯ ಹೆಸರುಗಳಷ್ಟೇ ಓದುಗರಿಗೆ ಗೊತ್ತಿದ್ದ ಕಾಲದಲ್ಲಿ ಅವರು ಇನ್ನೂರಕ್ಕೂ ಹೆಚ್ಚು ಶರಣರ ವಚನಗಳನ್ನು ಬೆಳಕಿಗೆ ತಂದರು.

ಸಂಗ್ರಹಿಸಿದ್ದನ್ನು ಅಚ್ಚುಮಾಡಿಸಲು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದಾಗ ಹಸ್ತಪ್ರತಿ ಮರಳಿ ಬಂತೆಂದು ಅವರ ಜೀವನ ಬರೆದವರು ಹೇಳುತ್ತಾರೆ. ಕೊನೆಗೆ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಪರರ ಮುದ್ರಣಾಲಯದ ಮರ್ಜಿಗೆ ಕಾಯುವುದು ಸಾಕಾಗಿ 1925ರಲ್ಲಿ ತಮ್ಮ ಮನೆಯನ್ನೇ ಮಾರಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯ ಹಾಕಿದರು. ತಾವು ಬಾಡಿಗೆ ಮನೆಗೆ ಹೋದರು. ಮರುವರ್ಷ 'ಶಿವಾನುಭವ' ಪತ್ರಿಕೆ, ಅದರ ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ. 1926ರಲ್ಲೇ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 'ಶಿವಾನುಭವ' ದಶಕಗಳ ಕಾಲ ನಡೆಯಿತು. ಚಂದಾ ಬಾಕಿ, ಕಾಗದದ ಖರ್ಚು, ಅಚ್ಚುಮೊಳೆಯ ತಾಪತ್ರಯ ಯಾವುದೂ ತಪ್ಪಲಿಲ್ಲ.

ನನಗೆ ಹಳಕಟ್ಟಿಯವರಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಅವರ ತ್ಯಾಗಕ್ಕಿಂತ ಅವರ ಲೆಕ್ಕಾಚಾರ. ಒಬ್ಬರ ಉತ್ಸಾಹ ಒಬ್ಬರ ಆಯುಷ್ಯದಷ್ಟೇ ಬಾಳುತ್ತದೆ ಎಂದು ತಿಳಿದ ಮನುಷ್ಯ ಅವರು. ಆದ್ದರಿಂದಲೇ ವಚನಗಳ ಪುಸ್ತಕ ಅಚ್ಚಾಗುವುದಕ್ಕೂ ಮೊದಲೇ, 1910ರಲ್ಲಿ, ಬಿ. ಎಲ್. ಡಿ. ಇ. ಶಿಕ್ಷಣ ಸಂಸ್ಥೆಗೆ ಬುನಾದಿ ಹಾಕಿದರು. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಕಟ್ಟಿದರು. ಓದುವವರು ತಯಾರಾಗದೆ, ಕೈಯಲ್ಲಿ ನಾಲ್ಕು ದುಡ್ಡು ಉಳಿಯದೆ ಇತಿಹಾಸಕ್ಕೆ ಆಸರೆ ಸಿಗದು ಎಂಬುದು ಅವರಿಗೆ ಗೊತ್ತಿತ್ತು. ಇವತ್ತು ಅದೇ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ನಡೆಯುತ್ತಿದೆ. ಅವರ ಸಮಗ್ರ ಸಾಹಿತ್ಯ ಅಲ್ಲಿಂದಲೇ ಸಂಪುಟಗಳಾಗಿ ಬಂದಿದೆ.

ಆ ಕೇಂದ್ರಕ್ಕೆ ದಿಕ್ಕು ತೋರಿದವರಲ್ಲಿ ಸಿಂದಗಿ ತಾಲ್ಲೂಕಿನ ಮಣ್ಣಿನ ಮಗ ಎಂ. ಎಂ. ಕಲಬುರ್ಗಿಯವರೂ ಒಬ್ಬರು. 1938ರಲ್ಲಿ ಗುಬ್ಬೇವಾಡದಲ್ಲಿ ಹುಟ್ಟಿದವರು. ಅವರ ನೇತೃತ್ವದಲ್ಲಿ ಫಾರ್ಸಿ, ದಖನಿ ಭಾಷೆಗಳಲ್ಲಿದ್ದ ಆದಿಲಶಾಹಿ ಕಾಲದ ಕೃತಿಗಳು ಕನ್ನಡಕ್ಕೆ ಬಂದವು. ವಚನಗಳ ಹೆಸರಿನಲ್ಲಿ ನಿಂತ ಕೇಂದ್ರವೊಂದು ಆದಿಲಶಾಹಿಗಳ ಚರಿತ್ರೆಯನ್ನು ಕನ್ನಡಿಗರ ಕೈಗಿಟ್ಟದ್ದು ಈ ಜಿಲ್ಲೆ ಹೆಮ್ಮೆ ಪಡಬೇಕಾದ ಸಂಗತಿ. ಗೋಳಗುಮ್ಮಟದ ನೆರಳಲ್ಲೇ ಬೆಳೆದ ಮಕ್ಕಳು ಅದನ್ನು ಕಟ್ಟಿಸಿದವರ ಕಾಲದ ಮಾತನ್ನು ತಮ್ಮ ಭಾಷೆಯಲ್ಲಿ ಓದುವಂತಾಗಲು ಇಷ್ಟು ಕಾಲ ಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರ ಕೊಲೆಯಾಯಿತು. ಶಾಸನ ಓದುವವನ ಬದುಕು ನಿರುಪದ್ರವಿ ಎಂದು ನಂಬಿದ್ದ ನಮಗೆಲ್ಲ ಬಿದ್ದ ಪೆಟ್ಟು ಅದು.

ಆದರೆ ಈ ಎಲ್ಲ ಕೆಲಸ ನಿಂತದ್ದು ಧಾರವಾಡದಲ್ಲಿ, ಜಿಲ್ಲಾ ಕೇಂದ್ರದಲ್ಲಿ. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಮಟ್ಟಕ್ಕೆ ಇಳಿಯುವ, ತಾಲ್ಲೂಕಿಗೊಂದು ಇತಿಹಾಸ ಮಂಡಳ ಎಂಬ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಹೊರಗಿನ ನಾಡೊಂದರ ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇತಿಹಾಸ ಸಂಘ ಹುಟ್ಟಿದ್ದು 1901ರಲ್ಲಿ. ವಿಕ್ಟೋರಿಯಾದ್ದು 1909ರಲ್ಲಿ, ಅಂದರೆ ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಹುಟ್ಟಿದ ವರ್ಷವೇ. ಆಸ್ಟ್ರೇಲಿಯಾದಲ್ಲಿ ಈ ರೂಢಿ ರಾಜಧಾನಿಗಳಲ್ಲಿ ನಿಲ್ಲಲಿಲ್ಲ. ಸಣ್ಣ ಊರುಗಳಿಗೂ ಹಬ್ಬಿತು. 1977ರಲ್ಲಿ ಅವುಗಳದೊಂದು ಒಕ್ಕೂಟವಾಯಿತು. ಈಗ ಅದರಡಿ ಸುಮಾರು ಸಾವಿರ ಸಂಘಗಳಿವೆ. ಹಳೆಯ ಕೋರ್ಟು, ಅಂಚೆ ಕಚೇರಿ, ರೈಲು ನಿಲ್ದಾಣದ ಕಟ್ಟಡಗಳಲ್ಲಿ ನಿವೃತ್ತ ಶಿಕ್ಷಕರು, ರೈತರು, ಗೃಹಿಣಿಯರು ಸಂಬಳವಿಲ್ಲದೆ ಕೂತು ಊರಿನ ಫೋಟೊ, ಕಾಗದಪತ್ರ, ಸ್ಮಶಾನದ ಕಲ್ಲುಗಳ ಬರಹ ಎಲ್ಲವನ್ನೂ ಪಟ್ಟಿಮಾಡಿ ಇಡುತ್ತಾರೆ. ಹಳೆಯ ಕಟ್ಟಡ ಕೆಡವಲು ಹೊರಟಾಗ ಮೊದಲು ಅರ್ಜಿ ಹಾಕುವವರು ಅವರೇ. ಅವರಿಂದ ಎಚ್ಚರಿಕೆಯನ್ನೂ ಕಲಿಯಬೇಕು. ಬಹುಕಾಲ ಆ ಸಂಘಗಳು ಬರೆದದ್ದು ವಲಸೆ ಬಂದ ಬಿಳಿಯರ ಕಥೆ. ಆ ನೆಲದ ಮೂಲನಿವಾಸಿಗಳಿಗೆ ಅದರಲ್ಲಿ ಜಾಗ ಸಿಕ್ಕದ್ದು ತೀರ ತಡವಾಗಿ. ನಾವು ಬರೆಯಹೊರಟರೂ ಊರಿನ ಇತಿಹಾಸ ಗೌಡರ ವಾಡೆಯಲ್ಲೇ ಮುಗಿದುಬಿಡುವ ಅಪಾಯವಿದೆ. ಬಸವಣ್ಣನವರ ತಾಲ್ಲೂಕಿನಲ್ಲಿ ಹಾಗಾಗಕೂಡದು.

ತಡಮಾಡಿದರೆ ಏನಾಗುತ್ತದೆಂದು ನಮಗೆ ಕೃಷ್ಣೆ ತೋರಿಸಿದ್ದಾಳೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲಿಟ್ಟರು. ಹಿನ್ನೀರು ಏರಿದಂತೆ ಹಳೆಯ ಕೊಲ್ಹಾರ ಮುಳುಗಿತು, ನದಿ ದಂಡೆಯ ಎಷ್ಟೋ ಹಳ್ಳಿಗಳು ಎತ್ತರದ ಜಾಗಕ್ಕೆ ಹೋದವು. ಮನೆ, ಹೊಲ, ಗಿಡ ಎಣಿಸಿ ಪರಿಹಾರ ಕೊಟ್ಟರು. ಅಗಸಿಗೆ, ಗರಡಿಮನೆಗೆ, ಓಣಿಗಳ ಹೆಸರಿಗೆ, ಪಂಚರು ಕೂಡುತ್ತಿದ್ದ ಕಟ್ಟೆಯ ನೆನಪಿಗೆ ಯಾವ ಕಾಲಮ್ಮೂ ಇರಲಿಲ್ಲ. ಆ ಊರುಗಳಲ್ಲಿ ಹುಟ್ಟಿ ಬೆಳೆದವರು ಈಗ ಮುದುಕರಾಗಿದ್ದಾರೆ. ಅವರು ಹೇಳುವುದನ್ನು ಬರೆದುಕೊಳ್ಳಲು ಉಳಿದಿರುವ ಕಾಲ ಕಡಿಮೆ.

ಕೈಗೆ ಸಿಗುವ ಸಾಮಗ್ರಿಗೇನೂ ಬರವಿಲ್ಲ. ತಾಲ್ಲೂಕು ಸಾಹಿತ್ಯ ಸಮ್ಮೇಳನ ನಡೆದಾಗ ಬರುವ ಸ್ಮರಣ ಸಂಚಿಕೆಗಳನ್ನೇ ನೋಡಿ. ಜಾಹೀರಾತುಗಳ ನಡುವೆ ಊರಿನ ಶಾಸನ, ಜಾತ್ರೆ, ಸ್ವಾತಂತ್ರ್ಯ ಹೋರಾಟಗಾರರು, ಡೊಳ್ಳಿನ ಮೇಳಗಳ ಮೇಲೆ ಅಪರೂಪದ ಲೇಖನಗಳಿರುತ್ತವೆ. ಸಮ್ಮೇಳನ ಮುಗಿದ ಮೇಲೆ ಅವು ಎಲ್ಲಿಯೂ ಸಿಗುವುದಿಲ್ಲ. ಶತಮಾನ ಕಂಡ ಸರಕಾರಿ ಕನ್ನಡ ಶಾಲೆಗಳಲ್ಲಿ ದಾಖಲಾತಿ ರಿಜಿಸ್ಟರುಗಳಿವೆ. ಊರಲ್ಲಿ ಯಾವ ಕೋಮಿನ ಮಗು ಯಾವ ವರ್ಷ ಮೊದಲು ಶಾಲೆ ಮೆಟ್ಟಿಲು ಹತ್ತಿತು, ಹೆಣ್ಣುಮಕ್ಕಳು ಯಾವಾಗ ಬಂದರು, ಯಾವ ಬರಗಾಲದಲ್ಲಿ ಮಕ್ಕಳು ಬಿಟ್ಟುಹೋದರು, ಎಲ್ಲ ಅದರಲ್ಲಿದೆ. ಮೋಡಿ ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಗುಡಿಯ ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಕಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು, ವೀರಗಲ್ಲನ್ನು ಮೆಟ್ಟಿಲಿಗೆ ಹಾಸುವುದು ಇವತ್ತಿಗೂ ನಡೆದಿದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಡುತ್ತಿದ್ದಾರೆ. ನಮಗೆ ಸದ್ಯಕ್ಕೆ ಒಂದು ಒಳ್ಳೆಯ ಮೊಬೈಲ್ ಕ್ಯಾಮೆರಾ, ಒಂದು ನೋಟ್‌ಬುಕ್ ಸಾಕು.

ಬಾಗೇವಾಡಿಯ ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ನಿವೃತ್ತ ಮಾಸ್ತರರೊಬ್ಬರು, ಕಾಲೇಜು ಓದುವ ನಾಲ್ಕು ಹುಡುಗ ಹುಡುಗಿಯರು, ಗ್ರಂಥಾಲಯದ ಒಂದು ಕಪಾಟು, ಇಷ್ಟರಿಂದ ಒಂದು ಮಂಡಳ ಶುರುವಾಗಬಲ್ಲದು. ಈ ಬೇಸಿಗೆ ರಜೆಯಲ್ಲಿ ಊರಿನ ಗುಡಿ, ಮಸೀದಿ, ಮಠ, ಬಾವಿಗಳ ಮೇಲಿನ ಬರಹಗಳ ಫೋಟೊ ತೆಗೆದು ಎಲ್ಲಿವೆಯೆಂದು ಪಟ್ಟಿಮಾಡಿ. ಮುಂದಿನ ಸಲ ಹೆಳವರು ಮನೆ ಮುಂದೆ ಬಂದಾಗ ಕಾಳು ಕೊಟ್ಟು ಕಳಿಸಿಬಿಡದೆ ಅವರು ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಿ. ಪಟ್ಟಿಯ ಒಂದು ಪ್ರತಿಯನ್ನು ಪಂಚಾಯಿತಿಗೆ ಕೊಡಿ, ಇನ್ನೊಂದನ್ನು ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರಕ್ಕೆ ಕಳಿಸಿ.