ಹೂಂ ಅನ್ನೋರು ಬೇಕು

ಹೋದ ವರ್ಷ ಹಾಸ್ಟೆಲ್‌ಗೆ ಬಂದ ಮೊದಲ ವಾರ. ರಾತ್ರಿ ಎಲ್ಲರೂ ಕೂತು ತಮ್ಮ ತಮ್ಮ ಊರಿನ ಬಗ್ಗೆ ಹೇಳ್ತಾ ಇದ್ರು. ಮೈಸೂರಿನವನು ದಸರಾ ಬಗ್ಗೆ, ಮಡಿಕೇರಿಯವನು ಮಳೆ ಬಗ್ಗೆ ಹೇಳಿದ. ನನ್ನ ಸರದಿ ಬಂತು. "ರಾಯಚೂರು ಜಿಲ್ಲೆ, ಗುಂಜಹಳ್ಳಿ" ಅಂದೆ. "371ಜೆ ಸೀಟಾ? ಅಲ್ಲಿ ಬಿಸಿಲು ಬಿಟ್ರೆ ಏನಿದೆ ಮಗಾ?" ಅಂತ ಒಬ್ಬ ಕೇಳಿದ. ನಾನೂ ನಕ್ಕು "ಥರ್ಮಲ್ ಪವರ್ ಸ್ಟೇಷನ್ ಇದೆ" ಅಂದುಬಿಟ್ಟೆ.

ಆಮೇಲೆ ನನಗೆ ಬೇಜಾರಾಗಿದ್ದು ಅವನ ಪ್ರಶ್ನೆಯಿಂದಲ್ಲ, ನನ್ನ ಉತ್ತರದಿಂದ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮಾತಿನ ಮಧ್ಯೆ 'ಹೋಗ್ಯಾನ, ಬಂದಾನ' ಅಂತ ಬಾಯಿಗೆ ಬಂದರೂ ನುಂಗಿಕೊಳ್ಳುತ್ತಿದ್ದೆ. ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೀತಾ ಇದ್ದೀನಿ.

ನಮ್ಮ ಕಡೆ ಕತೆ ಹೇಳೋದಕ್ಕೆ ಒಂದು ನಿಯಮ ಇದೆ. ಕೇಳುವವರು ನಡುನಡುವೆ 'ಹೂಂ' ಅನ್ನಬೇಕು. "ಹೂಂ ಅನ್ನಬೇಕು ನೋಡು, ಇಲ್ಲಂದ್ರ ಕತಿ ನಿಂದರ್ತದ" ಅಂತ ಅಜ್ಜಿ ಮೊದಲೇ ಹೇಳಿಬಿಡೋರು. ಕಂಪ್ಯೂಟರ್ ನೆಟ್‌ವರ್ಕ್‌ನಲ್ಲಿ ಟಿಸಿಪಿ ಕೆಲಸ ಮಾಡೋದೂ ಹೆಚ್ಚುಕಡಿಮೆ ಹೀಗೇ. ಈ ಕಡೆಯಿಂದ ಡೇಟಾ ಕಳಿಸಿದರೆ ಆ ಕಡೆಯಿಂದ 'ಮುಟ್ಟಿತು' ಅಂತ ಉತ್ತರ ಬರಬೇಕು. ಬರದಿದ್ದರೆ ಮತ್ತೆ ಕಳಿಸುತ್ತೆ, ಎಷ್ಟು ಸಲ ಕಳಿಸಿದರೂ ಬರದಿದ್ದರೆ ಸಂಪರ್ಕ ಕಡಿದುಕೊಳ್ಳುತ್ತೆ. ಅಜ್ಜಿಯ ಹೂಂ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ನಮ್ಮ ಹೂಂ ಜೋರಾಗಿದ್ದರೆ ಕತೆ ಉದ್ದ ಆಗೋದು. ನಿದ್ದೆಗಣ್ಣಿನ ಹೂಂ ಆದರೆ ರಾಜಕುಮಾರನಿಗೆ ಬೇಗ ಮದುವೆ ಆಗಿಬಿಡೋದು!

ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ಮೂವರು ದಾಸರ ಕತೆ ನನಗೆ ಇಷ್ಟ. ಮಾನ್ವಿ ಸೀಮೆಯ ಬ್ಯಾಗವಾಟದಲ್ಲಿ ಒಬ್ಬ ದೊಡ್ಡ ಪಂಡಿತ. ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಊಟಕ್ಕೆ ಕರೆದರೆ, ಕನ್ನಡದಲ್ಲಿ ಹಾಡುವವರ ಮನೆಗೆ ಯಾಕೆ ಹೋಗೋದು ಅಂತ ಹೊಟ್ಟೆನೋವಿನ ನೆಪ ಹೇಳಿದನಂತೆ. ನೆಪ ನಿಜವಾಗಿ ಹೊಟ್ಟೆನೋವು ಹಿಡೀತು. ಕೊನೆಗೆ ವಿಜಯದಾಸರ ಹತ್ತಿರವೇ ಹೋದ. ಅವರು ದೇವದುರ್ಗ ಸೀಮೆಯ ಮೊಸರುಕಲ್ಲಿನವರಾದ ಗೋಪಾಲದಾಸರ ಬಳಿಗೆ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ತೆಗೆದು ಅವನಿಗೆ ಕೊಟ್ಟರಂತೆ. ಆ ಪಂಡಿತನೇ ಜಗನ್ನಾಥದಾಸರು. ಮುಂದೆ ಅವರು 'ಹರಿಕಥಾಮೃತಸಾರ'ವನ್ನು ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ ಬರೆದರು. ಆಯುಷ್ಯ ಕೊಟ್ಟದ್ದನ್ನು ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆದರೆ ತನ್ನ ಜನರ ಭಾಷೆಯನ್ನು ಕೀಳು ಅಂದುಕೊಂಡವನು ಅದೇ ಭಾಷೆಯ ಕವಿಯಾದ ಅನ್ನೋ ಭಾಗ ಈಗ ನನಗೇ ಹೇಳಿದ ಹಾಗಿದೆ.

ನಮ್ಮಲ್ಲಿ ಕತೆ ಒಂದೇ ಧರ್ಮದ ಸೊತ್ತಲ್ಲ. ಮೊಹರಂ ಬಂದರೆ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಕರ್ಬಲಾ ಯುದ್ಧದ ಕತೆಯನ್ನು ಕನ್ನಡದ ಪದಗಳಲ್ಲಿ ಹಾಡ್ತಾರೆ. ಹಾಡುವವರಲ್ಲಿ ಹಿಂದೂಗಳೂ ಇರ್ತಾರೆ. ಅರಬರ ನಾಡಿನ ಕತೆ ಕೃಷ್ಣಾ ತುಂಗಭದ್ರಾ ನಡುವಿನ ದೋಆಬಿನ ಕತೆಯೇ ಆಗಿಬಿಟ್ಟಿದೆ.

ಇನ್ನು ನಮ್ಮಂಥ ಎಂಜಿನಿಯರ್‌ಗಳಿಗಾಗಿಯೇ ಕೆತ್ತಿದಂಥ ಒಂದು ಕತೆ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಕೂರಿಸಿದ್ದಾರೆ. ಅದರ ಮೇಲೆ 1294ರ ತೆಲುಗು ಶಾಸನ ಇದೆ. ಅಷ್ಟು ದೊಡ್ಡ ಕಲ್ಲನ್ನು ತಂದದ್ದು ಹೇಗೆ ಅನ್ನೋದನ್ನೂ ಚಿತ್ರವಾಗಿ ಕೆತ್ತಿದ್ದಾರೆ: ಅಡ್ಡಕಡ್ಡಿ ಇಲ್ಲದ ಗಟ್ಟಿ ಗಾಲಿಗಳ ಉದ್ದನೆ ಬಂಡಿ, ಎಳೆಯುವ ಕೋಣಗಳ ಸಾಲು, ಗಾಲಿಯ ಹಿಂದೆ ಸನ್ನೆಗೋಲು ಹಾಕಿ ಮೀಟುವ ಜನ. ನಾವು ಕಷ್ಟಪಟ್ಟು ಬರೆಯೋ ಪ್ರಾಜೆಕ್ಟ್ ರಿಪೋರ್ಟನ್ನು ಅವರು ಕಲ್ಲಲ್ಲೇ ಬರೆದಿಟ್ಟಿದ್ದಾರೆ!

1948ರವರೆಗೆ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಸರ್ಕಾರದ ಭಾಷೆ, ಹೆಚ್ಚಿನ ಓದಿನ ಭಾಷೆ ಎರಡೂ ಉರ್ದು. ಆ ಕಾಲದಲ್ಲಿ ನಮ್ಮ ಕನ್ನಡ ಶಾಲೆಗಿಂತ ಹೆಚ್ಚಾಗಿ ಉಳಿದದ್ದು ಕಟ್ಟೆ ಮೇಲೆ, ಭಜನೆಯಲ್ಲಿ, ಬಯಲಾಟದಲ್ಲಿ. ಆ ಬಾಯಿಮಾತು ಮುಂದೆ ಪುಸ್ತಕಕ್ಕೂ ಬಂತು. ರಾಜಶೇಖರ ನೀರಮಾನ್ವಿ, ಅಮರೇಶ ನುಗಡೋಣಿ ಇಬ್ಬರೂ ಈ ನೆಲದ ಕತೆಗಾರರು, ಇಬ್ಬರ ಹೆಸರಿನಲ್ಲೂ ಅವರ ಊರಿದೆ. ನುಗಡೋಣಿಯವರ 'ಸವಾರಿ' ಕತೆಯನ್ನೇ ಆಧರಿಸಿ ಗಿರೀಶ್ ಕಾಸರವಳ್ಳಿ 2010ರಲ್ಲಿ 'ಕನಸೆಂಬೋ ಕುದುರೆಯನೇರಿ' ಸಿನಿಮಾ ಮಾಡಿದರು. ನಾನು ನುಂಗಿಕೊಳ್ಳುತ್ತಿದ್ದ ಮಾತಿನಲ್ಲಿ ಇವರು ಸಾಹಿತ್ಯ ಬರೆದಿದ್ದಾರೆ.

ಹಿಂದುಳಿದಿದ್ದೇವೆ ಅನ್ನೋದು ಸುಳ್ಳಲ್ಲ. ಅದಕ್ಕೇ 371ಜೆ ಬಂದದ್ದು, ಅದನ್ನು ಹೇಳಿಕೊಳ್ಳೋಕೆ ನಾಚಿಕೆ ಯಾಕೆ? ಆದರೆ ಸೌಲಭ್ಯ ಕಮ್ಮಿ ಇದೆ ಅಂದರೆ ಹೇಳೋಕೆ ಏನೂ ಇಲ್ಲ ಅಂತ ಅರ್ಥ ಅಲ್ಲ. ಹೆಮ್ಮೆ ಅಂದರೆ 'ನಮ್ಮೂರೇ ದೊಡ್ಡದು' ಅಂತ ಕೂಗೋದೂ ಅಲ್ಲ. ಯಾರಾದರೂ ಕೇಳಿದಾಗ ಹೇಳೋಕೆ ನಾಲ್ಕು ಕತೆ ಗೊತ್ತಿರೋದು.

ದೀಪಾವಳಿಗೆ ಊರಿಗೆ ಹೋದಾಗ ಅಜ್ಜಿಯ ಕತೆ ರೆಕಾರ್ಡ್ ಮಾಡೋಣ ಅಂತ ಫೋನ್ ಮುಂದಿಟ್ಟು ಕೂತೆ. ಅಜ್ಜಿ ಶುರು ಮಾಡಿದರು. ರೆಕಾರ್ಡ್ ಆಗ್ತಾ ಇದೆಯಾ ಇಲ್ವಾ ಅಂತ ನಾನು ಸ್ಕ್ರೀನ್ ನೋಡ್ತಾ ಇದ್ದೆ. ಸ್ವಲ್ಪ ಹೊತ್ತಿಗೆ ಕತೆ ನಿಂತುಹೋಯಿತು. ತಲೆ ಎತ್ತಿ ನೋಡಿದೆ.

"ಹೂಂ ಯಾರು ಅಂತಾರ, ಫೋನ್ ಅಂತದೇನು?" ಅಂದರು.

ಫೋನ್ ಪಕ್ಕಕ್ಕಿಟ್ಟು ಹೂಂ ಅಂದೆ. ಕತೆ ಮುಂದುವರಿಯಿತು. ಈ ರಜೆಗೆ ನೀವೂ ನಿಮ್ಮೂರಿಗೆ ಹೋದಾಗ ಒಮ್ಮೆ ಹೂಂ ಅಂದು ನೋಡಿ.